ಬರಿಗಾಲಿನ ಅಹ್ಮದ್ ಖಾನ್

ಮಾನ್ವಿ, ದೇವದುರ್ಗದ ಎರೆಹೊಲಗಳ ಮಕ್ಕಳಾದ ನಾವು ಶಾಲೆಯ ಮೈದಾನದಲ್ಲಿ ಬರಿಗಾಲಲ್ಲೇ ಆಡುತ್ತಿದ್ದೆವು. ರಾಯಚೂರಿಗೆ ಪಂದ್ಯಕ್ಕೆ ಹೋದಾಗ ಬೂಟಿಲ್ಲವೆಂದು ನಾಚಿಕೆಯಾಗುತ್ತಿತ್ತು. ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ (1926–2017) ಅವರ ಚರಿತ್ರೆ ಆಗಲೇ ಗೊತ್ತಿದ್ದರೆ ನಾಚುತ್ತಿರಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತ ಭಾರತ ತಂಡದಲ್ಲಿ ಅವರಿದ್ದರು. ಬಹುತೇಕ ಆಟಗಾರರದು ಬರಿಗಾಲು. ನಮ್ಮ ರಾಯಚೂರು ಆಗಿನ್ನೂ ನಿಜಾಮನ ಆಳ್ವಿಕೆಯಲ್ಲಿತ್ತು. 1949ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಕ್ಕೆ 1–10ರಿಂದ ಸೋತಾಗ ನಮ್ಮ ಒಂದೇ ಗೋಲು ಅವರದು. ಬಳಿಕ ಬೂಟು ಕಡ್ಡಾಯವಾಯಿತು.

ಬರಿಗಾಲು ಅವಮಾನವಲ್ಲ, ಆದರೆ ಬೂಟು ಬೇಕು. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳಾದ ನಾವು ಈಗಿನ ಮಕ್ಕಳಿಗೆ ಅದನ್ನು ಕೊಡಿಸೋಣ.