ಬಟವಾಡೆಯ ಸಂಜೆ ಮತ್ತು ಪ್ರಾರ್ಥನೆ: ಬಳಗಾನೂರು ಸೀಮೆಯಲ್ಲಿ ಶೋಧನೆಯ ಪ್ರಶ್ನೆ

ಮಸ್ಕಿ ತಾಲ್ಲೂಕಿನ ಬಳಗಾನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಗೆ ಸೇರಿದ ಊರು. ಇಂಥ ಸೀಮೆಯಲ್ಲಿ ನಾಟಿ, ಕಳೆ, ಕಟಾವಿನ ದಿನಗಳ ಬಟವಾಡೆ ಮುಗಿಯುವಾಗ ಕೂಲಿಯವನ ಮೈ ದಣಿದಿರುತ್ತದೆ, ಜೇಬಿನಲ್ಲಿ ದುಡ್ಡಿರುತ್ತದೆ, ಜೊತೆಯವರು ಕುಡಿಯಲು ಕರೆಯುತ್ತಿರುತ್ತಾರೆ. ಕ್ರೈಸ್ತರು ಶೋಧನೆ ಎನ್ನುವುದು, ಅಂದರೆ ಪಾಪಕ್ಕೆಳೆಯುವ ಪ್ರಲೋಭನೆ, ದಿನಬಳಕೆಯಲ್ಲಿ ಎದುರಾಗುವುದು ಈ ಹೊತ್ತಿನಲ್ಲೇ. ಅದನ್ನು ಮನೋಬಲದ ಕೊರತೆ ಎಂದು ಉಪದೇಶ ಮಾಡುವುದು ಸುಲಭ. ಆದರೆ ಪ್ರಾರ್ಥನೆ ಆ ಹೊತ್ತನ್ನೂ ಜೊತೆಯನ್ನೂ ಬದಲಿಸುವ ಮೂಲಕವೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಈ ಲೇಖನದ ವಾದ.

ಈ ಭಾಗದಲ್ಲಿ ಕ್ರೈಸ್ತ ಪ್ರಾರ್ಥನೆ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕ್ಯಾಥೊಲಿಕ್ ಸಮುದಾಯ ಆದಿಲ್‌ಶಾಹಿ ಕಾಲದ್ದು. ಆಂಗ್ಲ ಲೇಖಕ ಮೆಡೋಸ್ ಟೇಲರ್ 1878ರ ತನ್ನ ‘ಎ ನೋಬಲ್ ಕ್ವೀನ್’ ಕಾದಂಬರಿಗೆ ಆ ಸಮುದಾಯದವರನ್ನು ಪಾತ್ರಗಳಾಗಿ ತಂದ. ರಾಯಚೂರಿನಲ್ಲಿ ಮೆಥಡಿಸ್ಟ್ ಸಭೆಯೂ ಇದೆ. ಈ ಎರಡು ಪರಂಪರೆಗಳೂ ಶೋಧನೆಯನ್ನು ಎದುರಿಸಲು ಬಹಳ ವಿವರವಾದ ರೂಢಿಗಳನ್ನು ಕಟ್ಟಿಕೊಂಡಿವೆ.

1548ರಲ್ಲಿ ಪೋಪರ ಅನುಮೋದನೆ ಪಡೆದ, ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲಾರ ಧ್ಯಾನಸಾಧನೆಯ ಕೈಪಿಡಿಯಲ್ಲಿ ಒಂದು ಕ್ರಮವಿದೆ. ಸಾಧಕ ಬೆಳಿಗ್ಗೆ ಎದ್ದಕೂಡಲೇ ತಾನು ಬಿಡಬೇಕಾದ ಒಂದೇ ಒಂದು ದೋಷವನ್ನು ನೆನೆಯುತ್ತಾನೆ. ಪ್ರತಿದಿನಕ್ಕೆ ಎರಡು ಗೆರೆ. ಮಧ್ಯಾಹ್ನ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ, ಎಡವಿದಷ್ಟು ಸಲ ಗೆರೆಯ ಮೇಲೆ ಚುಕ್ಕಿ. ನಡುವೆ ಎಡವಿದಾಗೆಲ್ಲ ಎದೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಹತ್ತು ಜನರ ನಡುವೆ ಇದ್ದರೂ ಅದು ಯಾರ ಗಮನಕ್ಕೂ ಬಾರದು. ನಿನ್ನೆಯ ಚುಕ್ಕಿಗಳ ಜೊತೆ ಇಂದಿನವನ್ನು, ಹೋದ ವಾರದ ಜೊತೆ ಈ ವಾರವನ್ನು ಹೋಲಿಸುತ್ತಾ ಹೋಗಬೇಕು. ಪಾಪದ ಬಗ್ಗೆ ಇಷ್ಟು ತಾಳ್ಮೆಯ ಲೆಕ್ಕ ನನಗೆ ಬಹಳ ಮಾನವೀಯವಾಗಿ ಕಾಣುತ್ತದೆ. ಸೋಲುತ್ತೇವೆಂಬುದನ್ನು ಅದು ಮೊದಲೇ ಒಪ್ಪಿಕೊಂಡಿದೆ.

ಮೆಥಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ 1738ರಲ್ಲಿ ಬರೆದ ಸಣ್ಣ ಕೂಟಗಳ ನಿಯಮ ಇಂಥ ಆತ್ಮಪರೀಕ್ಷೆಯನ್ನು ಒಂಟಿತನದಿಂದ ಹೊರತಂದಿತು. ವಾರಕ್ಕೊಮ್ಮೆ ಸೇರಿದವರೆಲ್ಲ, ತಮಗೆ ಯಾವ ಶೋಧನೆ ಎದುರಾಯಿತು, ಅದರಿಂದ ಹೇಗೆ ಪಾರಾದೆವು ಎಂದು ಪರಸ್ಪರ ಹೇಳಿಕೊಳ್ಳಬೇಕಿತ್ತು.

ಇತ್ತೀಚಿನ ಮನಶ್ಶಾಸ್ತ್ರವೂ ಪ್ರಾರ್ಥನೆ ಮತ್ತು ಶೋಧನೆಯ ಈ ಪ್ರಶ್ನೆಯ ಹತ್ತಿರ ಬಂದಿದೆ. ನಥಾನಿಯಲ್ ಲ್ಯಾಂಬರ್ಟ್ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ ನಾಲ್ಕು ವಾರ ದಿನವೂ ಪ್ರಾರ್ಥಿಸಿದವರ ಕುಡಿತ ಉಳಿದವರ ಕುಡಿತದ ಸುಮಾರು ಅರ್ಧದಷ್ಟಿತ್ತು. ಅವರೆಲ್ಲ ಅಮೆರಿಕದ ವಿದ್ಯಾರ್ಥಿಗಳು. ಆ ಅಂಕಿಯನ್ನು ಕಾಲುವೆ ಸೀಮೆಯ ಕೂಲಿಕಾರರಿಗೆ ನೇರವಾಗಿ ಅನ್ವಯಿಸಲಾಗದು. ಇನ್ನು ಮನೋಬಲ ಬಳಸಿದಷ್ಟೂ ಕರಗುತ್ತದೆಂಬ ಜನಪ್ರಿಯ ಸಿದ್ಧಾಂತ 2016ರಲ್ಲಿ 23 ಪ್ರಯೋಗಾಲಯಗಳ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನಂಬುವವರು ದೇವರ ಕೃಪೆ ಎನ್ನುವುದನ್ನು ಅಳೆಯುವ ಸಾಧನವೂ ಈ ಪ್ರಯೋಗಗಳಲ್ಲಿಲ್ಲ.

ಯೇಸು ಕಲಿಸಿದ ಪ್ರಾರ್ಥನೆಯ ಬೇಡಿಕೆಯನ್ನು ಗಮನಿಸಬೇಕು. ಶೋಧನೆಯ ಜೊತೆ ಸೆಣಸಿ ಗೆಲ್ಲುವ ಶಕ್ತಿ ಕೊಡು ಎಂದು ಅದು ಕೇಳುವುದಿಲ್ಲ. ಅದರೊಳಗೆ ನಮ್ಮನ್ನು ಸಿಲುಕಿಸಬೇಡ ಎನ್ನುತ್ತದೆ, ಅದೂ ಎಲ್ಲರ ಪರವಾಗಿ. ಹಾಗೆ ಬೇಡಿಕೊಂಡವನು ಮನೆಗೆ ಹೋಗುವ ದಾರಿಯನ್ನು ಬದಲಿಸಿದರೆ, ಆ ನಡಿಗೆಯೂ ಪ್ರಾರ್ಥನೆಯದೇ ಭಾಗ. ದಾರಿಯುದ್ದಕ್ಕೂ ಮದ್ಯದಂಗಡಿಗಳೇ ಇದ್ದರೆ? 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಬಕಾರಿ ಇಂದಿಗೂ ರಾಜ್ಯದ ದೊಡ್ಡ ಆದಾಯಗಳಲ್ಲೊಂದು. ಮದ್ಯನಿಷೇಧ ಆಂದೋಲನದಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳು ಮುಂದೆ ನಿಂತರು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮಹಿಳೆಯರು ಕಾಲ್ನಡಿಗೆಯಲ್ಲೇ ಹೋದರು. ಅದು ಯಾವ ಒಂದು ಧರ್ಮದ ಜಾಥಾವೂ ಆಗಿರಲಿಲ್ಲ. ಆದರೂ ಶೋಧನೆಯೊಳಗೆ ನಮ್ಮನ್ನು ಸಿಲುಕಿಸಬೇಡ ಎಂಬ ಆ ಬೇಡಿಕೆಯನ್ನು ಅಷ್ಟು ಗಟ್ಟಿಯಾಗಿ ಬೀದಿಯಲ್ಲಿ ಕೇಳಿದವರು ಅವರೇ. ಈ ಸೀಮೆಯ ಸಭೆಯೊಂದು ಸಂಜೆಯ ಪ್ರಾರ್ಥನೆಯನ್ನು ಬಟವಾಡೆಯ ಹೊತ್ತಿಗೆ ಹೊಂದಿಸಿದರೆ, ಊರಿನ ಮದ್ಯದಂಗಡಿ ಮುಚ್ಚಿಸಲು ಹೊರಟ ಹೆಂಗಸರ ಅರ್ಜಿಗೆ ತಾನೂ ಸಹಿ ಹಾಕಿದರೆ, ಅದನ್ನು ದೈವಶಾಸ್ತ್ರದ ಹೊರಗಿನ ಕೆಲಸವೆಂದು ನಾನು ಎಣಿಸಲಾರೆ.