ಬಣ್ಣದ ಹಕ್ಕಳೆ, ಗಗನನೌಕೆಯ ಕಿಟಕಿ

ಬಾಗಿಲಿಗೆ ಬಳಿಸಿದ ಬಣ್ಣ ನಾಲ್ಕು ಬೇಸಿಗೆ ಕಳೆದ ಮೇಲೆ ಹಕ್ಕಳೆಯೆದ್ದು ಉದುರುವುದನ್ನು ನೀವು ಕಂಡೇ ಇರುತ್ತೀರಿ. ಪೊರಕೆಯಿಂದ ಗುಡಿಸಿಬಿಟ್ಟರೆ ಅದರ ಕಥೆ ಮುಗಿಯಿತು. ಅಂಥದೇ ಒಂದು ಹಕ್ಕಳೆ, ಅದೂ ಮಿಲಿಮೀಟರಿನ ಐದರಲ್ಲೊಂದು ಪಾಲಿನಷ್ಟು ಚಿಕ್ಕದು, 1983ರ ಜೂನ್ ತಿಂಗಳಲ್ಲಿ ಅಮೆರಿಕದ 'ಚಾಲೆಂಜರ್' ನೌಕೆಯ ಕಿಟಕಿಗೆ ಬಡಿಯಿತು. ಒಳಗೆ ಐವರಿದ್ದರು. ನೌಕೆ ನೆಲಕ್ಕಿಳಿದ ಮೇಲೆ ನೋಡಿದರೆ, ಗಾಜಿನಲ್ಲಿ ಕೆಲವು ಮಿಲಿಮೀಟರ್ ಅಗಲದ ಕುಳಿ! ಕುಳಿಯೊಳಗೆ ಟೈಟಾನಿಯಂ ಸಿಕ್ಕಿತು. ಬಣ್ಣಕ್ಕೆ ಬಿಳುಪು ಬರುವುದು ಅದರ ಭಸ್ಮದಿಂದಲೇ. ಕಿಟಕಿಯನ್ನೇ ಬದಲಾಯಿಸಬೇಕಾಯಿತು.

ಇಷ್ಟು ಚಿಕ್ಕದಕ್ಕೆ ಅಷ್ಟು ಬಲವೆಲ್ಲಿಂದ ಎಂದು ನೀವು ಕೇಳಬಹುದು. ಬಲವಿರುವುದು ತೂಕದಲ್ಲಲ್ಲ, ವೇಗದಲ್ಲಿ. ಭೂಮಿಯ ಸುತ್ತ ಅಷ್ಟು ಎತ್ತರದಲ್ಲಿ ತಿರುಗುವ ಎರಡು ವಸ್ತುಗಳು ಎದುರಾದಾಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಬಡಿದುಕೊಳ್ಳುತ್ತವೆ. ಬಂದೂಕಿನ ಗುಂಡಿಗೆ ಇದರ ಹತ್ತರಲ್ಲೊಂದು ವೇಗವಿದ್ದರೆ ಹೆಚ್ಚು. ವೇಗ ಹತ್ತು ಪಟ್ಟಾದರೆ ಶಕ್ತಿ ನೂರು ಪಟ್ಟು.

ಅಲ್ಲಿ ಬಣ್ಣ ಉದುರುವುದೂ ಸಹಜವೇ. ಒಂದೂವರೆ ಗಂಟೆಗೊಮ್ಮೆ ಸುಡುಬಿಸಿಲು, ಮತ್ತೆ ಕೊರೆಯುವ ನೆರಳು. ಇದರ ಜೊತೆಗೆ ಒಡೆದ ರಾಕೆಟ್ಟುಗಳುಂಟು. 1961ರ ಜೂನ್ 29ರಂದು, ಉಪಗ್ರಹವನ್ನು ಕಕ್ಷೆಗೆ ಸೇರಿಸಿ ತನ್ನ ಕೆಲಸ ಮುಗಿಸಿದ್ದ ಅಮೆರಿಕದ ರಾಕೆಟ್ ಭಾಗವೊಂದು ಸಿಡಿದು ಮುನ್ನೂರರಷ್ಟು ಚೂರಾಯಿತು. ಕಕ್ಷೆಯಲ್ಲಿ ಅಂಥ ಸಿಡಿತ ಅದೇ ಮೊದಲು.

ವಿಚಿತ್ರವೆಂದರೆ, ರೋಗಕ್ಕಿಂತ ಮೊದಲು ಮದ್ದು ಹುಟ್ಟಿತ್ತು. ಸ್ಪುಟ್ನಿಕ್ ಏರುವುದಕ್ಕೆ ಹತ್ತು ವರ್ಷ ಮುಂಚೆಯೇ, 1940ರ ದಶಕದಲ್ಲಿ, ಹಾರ್ವರ್ಡಿನ ಖಗೋಳಜ್ಞ ಫ್ರೆಡ್ ವಿಪಲ್ ಉಲ್ಕೆಯ ಕಣಗಳ ಭಯಕ್ಕೆ ಒಂದು ಉಪಾಯ ಹೇಳಿದ್ದರು: ಗೋಡೆಯನ್ನು ದಪ್ಪ ಮಾಡುವುದು ಬೇಡ, ಗೋಡೆಯ ಮುಂದೆ ಸ್ವಲ್ಪ ಅಂತರ ಬಿಟ್ಟು ಒಂದು ತೆಳುವಾದ ತಗಡು ಕಟ್ಟಿರಿ. ಕಣವು ತಗಡನ್ನು ತೂರುತ್ತದೆ, ನಿಜ; ಆದರೆ ತೂರುವಾಗ ತಾನೇ ಪುಡಿಯಾಗಿ, ಕರಗಿ, ಆವಿಯಾಗಿ ಹರಡಿಕೊಳ್ಳುತ್ತದೆ. ಮೊಳೆಯಂತೆ ನಾಟಬೇಕಾದದ್ದು ಎರಚಿದ ನೀರಿನಂತೆ ಗೋಡೆಯ ಮೇಲೆ ಬೀಳುತ್ತದೆ. ಭಾರವೂ ಕಡಿಮೆ. ನಮ್ಮ ಬುದ್ಧಿಗೆ ಮೊದಲು ಹೊಳೆಯುವುದು ದಪ್ಪ ಗೋಡೆಯೇ ಅಲ್ಲವೆ?

ಪೆಟ್ಟುಗಳ ಲೆಕ್ಕ ಸಿಕ್ಕಿದ್ದು ಆಮೇಲೆ, ಅದೂ ಒಂದು ವಿಳಂಬದಿಂದ. 1984ರ ಏಪ್ರಿಲ್‌ನಲ್ಲಿ ಅದೇ ಚಾಲೆಂಜರ್ ಬಸ್ಸಿನಷ್ಟು ದೊಡ್ಡ ಉಪಗ್ರಹವೊಂದನ್ನು ಮೇಲೆ ಬಿಟ್ಟುಬಂತು. ಬಗೆಬಗೆಯ ಲೋಹ, ಗಾಜು, ಬಣ್ಣ, ಪ್ಲಾಸ್ಟಿಕ್ಕುಗಳನ್ನು ಹೊತ್ತ ಅದನ್ನು ವರ್ಷದೊಳಗೆ ತರಬೇಕೆಂದಿತ್ತು. ಕೆಲಸ ಮುಂದೆ ಹೋಯಿತು. 1986ರ ಜನವರಿಯಲ್ಲಿ ಚಾಲೆಂಜರೇ ಏಳು ಜನರೊಡನೆ ನಾಶವಾಯಿತು. ಕಡೆಗೆ 1990ರ ಜನವರಿಯಲ್ಲಿ 'ಕೊಲಂಬಿಯಾ' ಅದನ್ನು ಹಿಡಿದು ತಂದಾಗ, ಅದರ ಮೈಮೇಲೆ ಬರಿಗಣ್ಣಿಗೆ ಕಾಣುವ ಕುಳಿಗಳೇ ಮೂವತ್ತು ಸಾವಿರಕ್ಕೂ ಮಿಕ್ಕಿದ್ದವು. ಕೆಲವು ಉಲ್ಕೆಯ ಧೂಳಿನವು. ಕೆಲವು ಅಲ್ಯೂಮಿನಿಯಂ, ಬಣ್ಣ - ನಾವೇ ಚೆಲ್ಲಿದ್ದು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ತೊಡಿಸಿರುವುದು ವಿಪಲ್ಲರ ತಗಡಿನ ಸುಧಾರಿಸಿದ ರೂಪವೇ. ಸುಮಾರು ಒಂದು ಸೆಂಟಿಮೀಟರಿನವರೆಗಿನ ಚೂರನ್ನು ಅದು ತಡೆಯಬಲ್ಲದು. ಹತ್ತು ಸೆಂಟಿಮೀಟರಿಗೆ ಮೀರಿದ್ದನ್ನು ನೆಲದಿಂದ ರಾಡಾರ್ ಕಂಡು ತಿಳಿಸಿದರೆ ನಿಲ್ದಾಣವೇ ಪಕ್ಕಕ್ಕೆ ಸರಿಯುತ್ತದೆ. ಈ ಎರಡರ ನಡುವಿನವು ತಗಡಿಗೆ ದೊಡ್ಡವು, ರಾಡಾರಿಗೆ ಬಹುಮಟ್ಟಿಗೆ ಚಿಕ್ಕವು.