ಗೇಮ್‌ನಲ್ಲಿ ಮೋಸ, ಕೋರ್ಟ್‌ನಲ್ಲಿ ಕಾಪಿರೈಟ್

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಒಂದು ಕೋರ್ಟ್ ಕಥೆ.

ಚಿಕ್ಕವನಿದ್ದಾಗ ಟಿವಿಗೆ ಕ್ಯಾಸೆಟ್ ಗೇಮ್ ಜೋಡಿಸಿ ಕಾಂಟ್ರಾ ಆಡ್ತಿದ್ವಿ. 30 ಲೈಫ್ ಸಿಗೋ ಬಟನ್ ಗುಟ್ಟು ಅಣ್ಣನಿಗೆ ಗೊತ್ತಿತ್ತು. ಅದನ್ನ ಮೋಸ ಅಂತ ಯಾರೂ ಅಂದ್ಕೊಂಡಿರಲಿಲ್ಲ. ಹೋದ ವರ್ಷ ಫೋನ್‌ನಲ್ಲಿ ಆಡುವಾಗ, ಗೋಡೆಯಾಚೆ ಇದ್ದವನೊಬ್ಬ ನೇರ ನನ್ನ ತಲೆಗೇ ಗುಂಡು ಹೊಡೆದಾಗ ಮಾತ್ರ ಮೈಯೆಲ್ಲಾ ಉರಿದುಹೋಯ್ತು. ಎರಡೂ ಚೀಟಿಂಗೇ ತಾನೆ? ಗೆರೆ ಎಲ್ಲಿ ಎಳೆಯೋದು?

ಈ ಪ್ರಶ್ನೆ 1990ರಲ್ಲೇ ಅಮೆರಿಕದ ಕೋರ್ಟ್ ಮೆಟ್ಟಿಲು ಹತ್ತಿತ್ತು. ಗೇಮ್ ಜೀನಿ ಅಂತ ಒಂದು ಸಾಧನ. ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ಮಾಡಿದ್ದು. ಅಮೆರಿಕದಲ್ಲಿ ಮಾರೋಕೆ ಹೊರಟಿದ್ದು ಗಲೂಬ್ ಅನ್ನೋ ಆಟಿಕೆ ಕಂಪನಿ. ನಿಂಟೆಂಡೊ ಕನ್ಸೋಲ್‌ಗೂ ಗೇಮ್ ಕ್ಯಾಸೆಟ್‌ಗೂ ನಡುವೆ ಇದನ್ನ ಸಿಕ್ಕಿಸಿ ಕೋಡ್ ಒತ್ತಿದ್ರೆ ಲೈಫ್ ಮುಗಿಯೋದೇ ಇಲ್ಲ. ಇದು ಕಾಪಿರೈಟ್ ಉಲ್ಲಂಘನೆ ಅಂತ ನಿಂಟೆಂಡೊ ತಾತ್ಕಾಲಿಕ ತಡೆ ತಂತು. ಆದ್ರೆ 1991ರಲ್ಲಿ ಸೋತಿತು, 1992ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಕೊಂಡ ಪುಸ್ತಕದಲ್ಲಿ ಕೆಲವು ಪುಟ ಹಾರಿಸಿ ಓದೋದು ತಪ್ಪಲ್ಲ, ಇದೂ ಹಾಗೇ ಅನ್ನೋದು ಕೋರ್ಟ್ ವಾದ. ಮಾರಾಟ ತಡೆದದ್ದಕ್ಕೆ ಗಲೂಬ್‌ಗೆ 1.5 ಕೋಟಿ ಡಾಲರ್ ಪರಿಹಾರವೂ ಸಿಕ್ಕಿತು.

ಆದ್ರೆ ಗೇಮ್ ಜೀನಿ ಬಳಸಿದವನು ಆಡ್ತಿದ್ದದ್ದು ತನ್ನ ಮನೆಯಲ್ಲಿ. ಇಂಟರ್ನೆಟ್ ಬಂದ್ಮೇಲೆ ಎದುರಿಗೆ ಬೇರೆ ಮನುಷ್ಯರು ಬಂದ್ರು.

2005ರಲ್ಲಿ ಮೈಕೆಲ್ ಡೊನೆಲಿ ಅನ್ನೋ ಪ್ರೋಗ್ರಾಮರ್ ಗ್ಲೈಡರ್ ಮಾಡಿದ. ನೀವು ನಿದ್ದೆ ಮಾಡ್ತಿದ್ರೂ ಅದು ನಿಮ್ಮ ಪರವಾಗಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಿ ಲೆವೆಲ್ ಏರಿಸ್ತಿತ್ತು. ಸುಮಾರು 1.2 ಲಕ್ಷ ಪ್ರತಿ ಮಾರಾಟವಾಯ್ತು. ರಾತ್ರಿಯೆಲ್ಲಾ ಕಣ್ಣುಬಿಟ್ಟು ಆಡಿದವರ ಗತಿ ಏನು? ಗೇಮ್ ಕಂಪನಿ ಬ್ಲಿಝಾರ್ಡ್, ವಾರ್ಡನ್ ಅನ್ನೋ ಕಾವಲು ಸಾಫ್ಟ್‌ವೇರ್ ಇಟ್ಟಿತು. ಗ್ಲೈಡರ್ ಅದರ ಕಣ್ಣು ತಪ್ಪಿಸೋದನ್ನ ಕಲಿತಿತು. 2006ರಲ್ಲಿ ಜಗಳ ಅರಿಝೋನಾದ ಕೋರ್ಟ್‌ಗೆ ಬಂತು.

2008ರಲ್ಲಿ ಆ ಕೋರ್ಟ್ ಬ್ಲಿಝಾರ್ಡ್ ಪರ ನಿಂತಿತು. ಅದರ ತರ್ಕ ಹೀಗೆ: ನಿಯಮ ಮುರಿದ್ರೆ ಲೈಸೆನ್ಸ್ ಹೋಯ್ತು. ಲೈಸೆನ್ಸ್ ಇಲ್ಲದೆ ಕಂಪ್ಯೂಟರಿನ ರ‍್ಯಾಮ್‌ಗೆ ಗೇಮ್ ಲೋಡ್ ಆದ್ರೆ ಅದೇ ಕಳ್ಳಪ್ರತಿ. ಚೀಟರ್‌ಗೆ ತಕ್ಕ ಶಾಸ್ತಿ ಅನ್ಸುತ್ತೆ ಅಲ್ವಾ? ಸ್ವಲ್ಪ ತಡೀರಿ. ನಾವು ಓದದೇ ‘ಐ ಅಗ್ರೀ’ ಒತ್ತುತ್ತೀವಲ್ಲ, ಆ ಉದ್ದದ ಪಟ್ಟಿಯಲ್ಲಿ ಯಾವ ನಿಯಮ ಮುರಿದ್ರೂ ನಾವು ಕಾಪಿರೈಟ್ ಕಳ್ಳರಾಗಿಬಿಡ್ತೀವಾ?

2010ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ‘ಇಲ್ಲ’ ಅಂದಿತು. ಬಾಟ್ ಬಳಸೋದು ಒಪ್ಪಂದ ಮುರಿದಂತೆ, ಕಾಪಿರೈಟ್ ಮುರಿದಂತಲ್ಲ. ಆದ್ರೂ ಡೊನೆಲಿ ಗೆಲ್ಲಲಿಲ್ಲ. ಡಿಜಿಟಲ್ ಬೀಗ ಮುರಿಯೋ ಸಾಧನ ಮಾರಬಾರದು ಅನ್ನೋ 1998ರ ಕಾನೂನು ಅಲ್ಲಿದೆ. ವಾರ್ಡನ್ ಕಣ್ಣು ತಪ್ಪಿಸಿದ್ದು ಆ ಕಾನೂನಿನ ಕೆಳಗೆ ತಪ್ಪಾಯ್ತು.

ಯುರೋಪ್ ಇನ್ನೊಂದು ಮಾತು ಹೇಳಿದೆ. 2024ರ ಅಕ್ಟೋಬರ್‌ನಲ್ಲಿ, ಸೋನಿ ಮತ್ತು ಡೇಟೆಲ್ ನಡುವಿನ ಕೇಸ್‌ನಲ್ಲಿ, ಅಲ್ಲಿನ ಅತ್ಯುನ್ನತ ನ್ಯಾಯಾಲಯ ಕೊಟ್ಟ ತೀರ್ಪಿನ ಸಾರ ಇಷ್ಟು: ಗೇಮಿನ ಕೋಡ್ ಮುಟ್ಟದೆ, ಆಟ ನಡೀವಾಗ ರ‍್ಯಾಮ್‌ನಲ್ಲಿರೋ ಅಂಕಿಗಳನ್ನ ಮಾತ್ರ ಬದಲಿಸಿದ್ರೆ ಅದು ಪ್ರೋಗ್ರಾಮಿನ ಕಾಪಿರೈಟ್ ಉಲ್ಲಂಘನೆ ಅಲ್ಲ.

ನನ್ನ ತಲೆಗೆ ಗುಂಡು ಹೊಡೆದವನ ಅಕೌಂಟ್ ಬ್ಯಾನ್ ಆಗಲಿ, ನನಗೇನೂ ಬೇಜಾರಿಲ್ಲ. ಆದ್ರೆ ಅವನನ್ನ ಹಿಡಿಯೋಕೆ ಹೆಣೆದ ಬಲೆಯಲ್ಲಿ, ಮನೆಯಲ್ಲಿ ಒಬ್ಬನೇ ಕೂತು ಆಡೋ ಹುಡುಗನೂ ಸಿಕ್ಕಿಬೀಳಬಾರದು. ಮೂವತ್ತು ವರ್ಷದಿಂದ ಕೋರ್ಟ್‌ಗಳು ಹುಡುಕ್ತಿರೋ ಗೆರೆ ಅದೇ.

ಮುಂದಿನ ವಾರ ಸಿಗೋಣ.